ಹೊರಗೆ ಬರುವಾಗ ಅದೇ ನಂಬರು

ಬಾಣಂತನ ಮುಗಿಸಿ ಆಫೀಸಿಗೆ ಕಾಲಿಟ್ಟ ಮೊದಲ ದಿನವೇ, ಒಂದು ಶನಿವಾರ, ನಾನು ಸಂಜೀವಯ್ಯನವರ ಮೇಲೆ ಕೂಗಾಡಿದೆ. ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಅಲ್ಲ, ಹಾಲ್‌ನಲ್ಲಿ ಎಲ್ಲರ ಎದುರಿಗೆ. ಈ ಜಯಾಳ ಬಾಯಿ ಜೋರು ಅನ್ನುವುದು ಜಯನಗರ ಮೂರನೇ ಬ್ಲಾಕಿನ ನಮ್ಮ ಆಫೀಸಿನ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಆದರೂ ಅವತ್ತಿನಷ್ಟು ಜೋರು ಹಿಂದೆ ಯಾವತ್ತೂ ಆಗಿರಲಿಲ್ಲ.

ಕೂಗಾಡಲು ಕಾರಣ ಇತ್ತು. ಹಿಂದಿನ ವಾರ ಬನ್ನೇರುಘಟ್ಟ ರಸ್ತೆಯ ಆಚೆಗಿನ ಒಂದು ಖಾಸಗಿ ಡೈರಿಯಲ್ಲಿ, ನಾವು ಮಾಡಿಕೊಟ್ಟಿದ್ದ ಕಂಟ್ರೋಲ್ ಪೆಟ್ಟಿಗೆ ಕೈಕೊಟ್ಟಿತ್ತು. ಸರಿಯಾಗಿ ಕಾಯದ ಹಾಲು ಹೋಗಿ ಕಾದ ಹಾಲಿನ ಟ್ಯಾಂಕಿಗೆ ಸೇರಿಕೊಂಡಿತ್ತು. ಅದನ್ನು ಯಾರಿಗೆ ಮಾರುವುದು? ಟ್ಯಾಂಕಿನ ಹಾಲನ್ನೆಲ್ಲ ಚರಂಡಿಗೆ ಬಿಟ್ಟಿದ್ದರು. ಪೆಟ್ಟಿಗೆಯೊಳಗಿನ ಕರ್ನಲ್ ಬರೆದವಳು ನಾನು. ನಾನಿಲ್ಲದಾಗ ಅದಕ್ಕೆ ಕೈಹಾಕಿದವರು ಸಂಜೀವಯ್ಯ.

ಕರ್ನಲ್ ಅಂದರೇನು ಅಂತ ನಮ್ಮ ಅತ್ತೆಗೆ ಹೇಳಿದ ಹಾಗೆಯೇ ಇಲ್ಲೂ ಹೇಳಿಬಿಡುತ್ತೇನೆ. ಎಂಬತ್ತೇಳನೇ ಇಸವಿಯಲ್ಲಿ ಈ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ, ಅತ್ತೆಗೆ ಮಾತ್ರ ಚೆನ್ನಾಗಿ ಅರ್ಥವಾಗಿತ್ತು. ಪೆಟ್ಟಿಗೆಯೊಳಗೆ ಕೆಲಸ ಮಾಡುವ ಚಿಪ್ ಒಂದೇ. ಆಗಬೇಕಾದ ಕೆಲಸಗಳು ಹಲವು. ಹಾಲಿನ ಶಾಖ ನೋಡಿ ವಾಲ್ವ್ ತಿರುಗಿಸುವುದು ಒಂದು ಟಾಸ್ಕ್. ಶಾಖ ಎಷ್ಟಿತ್ತು ಅಂತ ಕಾಗದದ ಮೇಲೆ ಪ್ರಿಂಟ್ ಮಾಡುವುದು ಇನ್ನೊಂದು. ಯಾರು ಮೊದಲು, ಯಾರು ಆಮೇಲೆ ಅಂತ ಒಂದೊಂದಕ್ಕೂ ಒಂದು ನಂಬರು. ಶಾಖ ನೋಡುವವನು ಮುಂದೆ. ಪ್ರಿಂಟ್ ಮಾಡುವವನು ಎಲ್ಲರಿಗಿಂತ ಹಿಂದೆ. ಕಾಗದ ಎರಡು ನಿಮಿಷ ತಡವಾದರೆ ಯಾರಪ್ಪನ ಗಂಟೂ ಹೋಗುವುದಿಲ್ಲ. ಇವರನ್ನೆಲ್ಲ ಸಂಭಾಳಿಸುವ ಯಜಮಾನಿ ಪ್ರೋಗ್ರಾಮೇ ಕರ್ನಲ್. ಯಾವ ಟಾಸ್ಕಿಗೆ ಏನು ಬೇಕಾದರೂ ಅದರೊಳಗೆ ಬಂದು ಕೇಳಬೇಕು. ಒಳಗೆ ಬಂದವನು ಬಾಗಿಲಿಗೆ ಅಡ್ಡ ನಿಂತು ಮಿಕ್ಕವರನ್ನು ಕಾಯಿಸಬಾರದಲ್ಲ, ಅದಕ್ಕೆ ಒಳಗಿರುವಷ್ಟು ಹೊತ್ತು ಅವನನ್ನೇ ಎಲ್ಲರಿಗಿಂತ ಮುಂದೆ ಮಾಡಿ ಬೇಗ ಕಳಿಸಿಬಿಡುತ್ತೇನೆ. ಆದರೆ ಹೊರಗೆ ಹೋಗುವಾಗ, ಬರುವಾಗ ಯಾವ ನಂಬರಿನವನಾಗಿದ್ದನೋ ಅದೇ ನಂಬರು ವಾಪಸ್. ಒಳಗೆ ಏನೇ ನಡೆದಿರಲಿ, ಅದು ಹೊರಗೆ ಬರಕೂಡದು. ಈ ಒಂದು ನಿಯಮದ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನಾನು ರಜೆಯಲ್ಲಿದ್ದಾಗ ಡೈರಿಯವರು ಹೊಸದೊಂದು ಕೇಳಿದರು. ಪ್ರಿಂಟರಿನಲ್ಲಿ ಕಾಗದ ಮುಗಿದರೆ ಇಡೀ ಪೆಟ್ಟಿಗೆ ನಿಂತುಬಿಡುತ್ತಿತ್ತು. ಹಾಗಾಗಬಾರದು, ಹೊಸ ಕಾಗದ ಹಾಕುವ ತನಕ ಪ್ರಿಂಟ್ ಟಾಸ್ಕ್ ಒಂದೇ ಕಾಯಲಿ ಅಂದರು. ನ್ಯಾಯವಾದ ಮಾತು. ಸಂಜೀವಯ್ಯ ಮಾಡಿಕೊಟ್ಟರು. ಕಾಗದ ಮುಗಿದರೆ ಆ ಟಾಸ್ಕ್ ಕರ್ನಲ್ ಒಳಗೇ ಮಲಗುತ್ತದೆ, ಕಾಗದ ಹಾಕಿದ ತಕ್ಷಣ ಎದ್ದು, ಅವರು ಹೊಸದಾಗಿ ಮಾಡಿದ ಇನ್ನೊಂದು ದಾರಿಯಿಂದ ಆಚೆ ಹೋಗುತ್ತದೆ. ಆ ದಾರಿಯಲ್ಲಿ ಹಳೆಯ ನಂಬರು ವಾಪಸ್ ಕೊಡುವ ಸಾಲು ಇರಲಿಲ್ಲ. ಡೈರಿಯಲ್ಲಿ ಕಾಗದ ಮುಗಿಯಿತು, ಹೊಸದು ಹಾಕಿದರು. ಎಲ್ಲರಿಗಿಂತ ಹಿಂದಿರಬೇಕಾದ ಮಹಾರಾಯ ಎಲ್ಲರಿಗಿಂತ ಮುಂದಿನ ನಂಬರು ಹಾಕಿಕೊಂಡು ಆಚೆ ಬಂದು, ಬಾಕಿ ಉಳಿದಿದ್ದನ್ನೆಲ್ಲ ಆರಾಮಾಗಿ ಪ್ರಿಂಟ್ ಮಾಡುತ್ತ ಕೂತ. ಅದೇ ಹೊತ್ತಿಗೆ ಬಾಯ್ಲರಿನ ಹಬೆ ಇಳಿಯಿತು. ಶಾಖ ನೋಡಬೇಕಾದವನು ತನ್ನ ಸರದಿಗೆ ಕಾಯುತ್ತ ನಿಂತಿದ್ದ. ಹಾಲು ಹಸಿಹಸಿಯಾಗಿಯೇ ದಾಟಿಹೋಯಿತು.

ನಮ್ಮ ಕಂಪನಿ ಇದ್ದದ್ದು ಒಂದು ಬಾಡಿಗೆ ಮನೆಯಲ್ಲಿ. ಅಡುಗೆಮನೆಯಲ್ಲಿ ಸಾಲ್ಡರಿಂಗ್, ದೇವರಮನೆಯಲ್ಲಿ ಕಂಪ್ಯೂಟರ್. ಆ ಮನೆಯಲ್ಲಿ ತಣ್ಣಗಿದ್ದ ಜಾಗ ಅದೊಂದೇ. ಅಲ್ಲಿ ಕೂತು ಪ್ರೋಗ್ರಾಮಿನ ಪ್ರಿಂಟೌಟ್ ತಿರುವಿಹಾಕಿದವಳಿಗೆ ಬೆಳಿಗ್ಗೆ ಕಾಫಿ ಬರುವಷ್ಟರಲ್ಲಿ ತಪ್ಪು ಸಿಕ್ಕಿತು. ಕಾಗದ ಎತ್ತಿಕೊಂಡು ಹಾಲ್‌ಗೆ ಬಂದೆ.

"ಸಂಜೀವಯ್ಯ, ಇದನ್ನ ಬರ್ದೋರು ಯಾರು?"

"ನಾನೇ ಮೇಡಂ." ಅವರು ಎದ್ದು ನಿಂತರು. ನನಗಿಂತ ಎರಡು ವರ್ಷ ಚಿಕ್ಕವರು, ಬಿಳೇಕಹಳ್ಳಿಯವರು, ಕೆಲಸದಲ್ಲಿ ನನ್ನಷ್ಟೇ ಗಟ್ಟಿ. ಅದಕ್ಕೇ ರಜೆಗೆ ಹೋಗುವಾಗ ಡೈರಿ ಪ್ರಾಜೆಕ್ಟನ್ನು ಅವರ ಕೈಗೆ ಕೊಡಿ ಅಂತ ಕಂಪನಿಯ ಯಜಮಾನರ ಹತ್ತಿರ ಜಗಳವಾಡಿ ಕೊಡಿಸಿದ್ದೆ.

"ಮಲಗಿದ್ದ ಟಾಸ್ಕ್ ಇಲ್ಲಿಂದ ಎದ್ದು ಹೋಗತ್ತಲ್ಲ, ಅದರ ನಂಬರ್ ಎಲ್ಲಿ?"

"ಹೊರಗೆ ಕಳಿಸೋ ನಿಮ್ಮ ಎಕ್ಸಿಟ್ ರುಟೀನೇ ಅದನ್ನೂ ನೋಡ್ಕೊಳತ್ತೆ ಅಂದ್ಕೊಂಡೆ."

"ಅಂದ್ಕೊಂಡ್ರಾ! ಅನುಮಾನ ಅನ್ನೋದೇ ಬರ್ಲಿಲ್ವಾ?"

"ಬಂತು ಮೇಡಂ."

"ಬಂದ್ರೆ ಕೇಳೋಕೆ ಏನಾಗಿತ್ತು ನಿಮಗೆ? ಹೋಗೋ ದಿನ ಬಡ್ಕೊಂಡು ಹೋಗಿರ್ಲಿಲ್ವಾ ನಾನು, ನಮ್ಮಮ್ಮನ ಮನೇಲಿ ಫೋನಿಲ್ಲ, ಏನೇ ಅನುಮಾನ ಬಂದ್ರೂ ಸೀದಾ ಮನೆಗೆ ಬನ್ನಿ ಅಂತ? ಪದ್ಮನಾಭನಗರ ಏನು ಲಂಡನ್ನಾ? ತಿರುಮಲೇಶ ಬಂದಿದ್ರು. ಪಾಪು ನೋಡ್ಕೊಂಡು, ಕೋಡುಬಳೆ ತಿಂದು, ಕಾಫಿ ಕುಡ್ಕೊಂಡು ಹೋದ್ರು. ನಿಮಗೊಬ್ಬರಿಗೆ ದಾರಿ ಗೊತ್ತಾಗ್ಲಿಲ್ವಾ?"

ಸಂಜೀವಯ್ಯ ತಲೆಯೆತ್ತಿ ನನ್ನನ್ನು ನೋಡಿದರು. ಏನೋ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ಪಕ್ಕದ ಮೇಜಿನ ಇಂಜಿನಿಯರು ತಿರುಮಲೇಶ, ಕೋಡುಬಳೆಯ ಮಾತು ಬಂದದ್ದಕ್ಕೆ ಮುಗುಳುನಗುತ್ತಿದ್ದ.

"ಕೇಳ್ಬೇಕಾಗಿತ್ತು ಮೇಡಂ. ತಪ್ಪಾಯ್ತು," ಅಂದರು ಸಂಜೀವಯ್ಯ.

ಅಲ್ಲಿಗೆ ಬಿಡಬಹುದಿತ್ತು. ಬಿಟ್ಟರೆ ನಾನು ಜಯಾ ಹೇಗಾದೇನು? "ಅಹಂಕಾರ ರೀ ಇದು," ಅಂದೆ. "ಹೆಂಗಸಿನ ಮನೆ ಬಾಗಿಲಿಗೆ ಹೋಗಿ ಕೇಳೋದಾ ಅನ್ನೋ ಅಹಂಕಾರ. ಇನ್ನೇನೂ ಅಲ್ಲ."

ಕೂಗಾಟದ ಭರದಲ್ಲಿ ರವಿಕೆ ಒದ್ದೆಯಾಗಿತ್ತು. ಮಗು ಹಾಲು ಕುಡಿಯುವ ಹೊತ್ತಾಗಿತ್ತು, ಮಗು ಪದ್ಮನಾಭನಗರದಲ್ಲಿ. ಸೆರಗು ಹೊದ್ದುಕೊಂಡು ದೇವರಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನದೇ ಸರಿ ಅನ್ನುವುದರಲ್ಲಿ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಸಾಯಂಕಾಲ ಯಜಮಾನರು ಸೋಮಲಿಂಗಪ್ಪ ನನ್ನನ್ನು ಕರೆದರು. ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಕೂಡಿಟ್ಟದ್ದನ್ನೆಲ್ಲ ಈ ಕಂಪನಿಗೆ ಸುರಿದಿದ್ದವರು. "ನೋಡಮ್ಮ ಜಯಾ, ಡೈರಿಯೋರು ಯಾರ ತಪ್ಪು ಅಂತ ಕೇಳ್ತಿದಾರೆ. ಸೋಮವಾರ ಎಲ್ಲರನ್ನೂ ಕೂರಿಸಿ ಹೇಳಿಬಿಡ್ತೀನಿ. ಪ್ರಾಜೆಕ್ಟು ತಿರುಮಲೇಶಂಗೆ. ಸಂಜೀವಯ್ಯ ಟೆಸ್ಟಿಂಗ್ ಬೆಂಚಿಗೆ ಹೋಗ್ಲಿ."

ಸರಿ ಸಾರ್, ಅಂದೆ. ಬೋರ್ಡಿನ ದೀಪ ಹತ್ತಿತೋ ಇಲ್ಲವೋ ಅಂತ ನೋಡುತ್ತ ಕೂರುವ ಕೆಲಸ ಅದು. ಅಲ್ಲಿಗೆ ಹೋದ ಇಂಜಿನಿಯರು ತಿರುಗಿ ಬಂದದ್ದನ್ನು ನಾನು ನೋಡಿರಲಿಲ್ಲ. ಗೊತ್ತಿದ್ದೂ ಸರಿ ಅಂದೆ.

ನನ್ನ ಗಂಡನ ಮನೆ ಗಿರಿನಗರದಲ್ಲಿ. ಬೆಳಿಗ್ಗೆ ಮಗುವನ್ನು ಪದ್ಮನಾಭನಗರದ ಅಮ್ಮನ ಹತ್ತಿರ ಬಿಟ್ಟು, ಸಾಯಂಕಾಲ ಕರೆದುಕೊಂಡು ಹೋಗುವುದು ಅಂತ ಮಾತಾಗಿತ್ತು. ಅವತ್ತು ಹೋದಾಗ ಅಮ್ಮ ನಡುಮನೆಯಲ್ಲಿ ಕೂತು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಸೀತಮ್ಮ ಅಂದರೆ ಆ ಬೀದಿಯಲ್ಲಿ ಎಲ್ಲರಿಗೂ ಬೇಕಾದವಳು. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಅಲ್ಲಿಗೆ ಇವಳದೇ ಮೆಣಸಿನ ಸಾರು. ನನ್ನನ್ನೂ ಹಾಗೆಯೇ ನೋಡಿಕೊಂಡಿದ್ದಳು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಕತ್ತಲೆ ಕೋಣೆ. ಪೇಪರ್ ಕೂಡ ಮುಟ್ಟಗೊಡುತ್ತಿರಲಿಲ್ಲ, ಬಾಣಂತಿ ಓದಿದರೆ ಕಣ್ಣು ಹೋಗುತ್ತದಂತೆ.

ಮಗುವಿಗೆ ಹಾಲು ಕೊಡುತ್ತ, ಆಫೀಸಿನಲ್ಲಿ ಆದದ್ದನ್ನು ಸಾಹಸದ ಕತೆಯ ಹಾಗೆ ಹೇಳಿದೆ. ಸಂಜೀವಯ್ಯನವರ ಹೆಸರು ಬಂದ ಕೂಡಲೇ ಅಮ್ಮ, "ಯಾರು, ಆ ಕನ್ನಡಕದ ಹುಡುಗನಾ? ಬಂದಿದ್ನಲ್ಲೇ," ಅಂದಳು.

"ಎಲ್ಲಿಗೆ?"

"ಇಲ್ಲಿಗೇ ಕಣೇ. ನಿನಗಿನ್ನೂ ಎಣ್ಣೆ ನೀರು ನಡೀತಿತ್ತು. ಮಟಮಟ ಮಧ್ಯಾಹ್ನ ಬಂದ. ನೀನು ಮಲಗಿದ್ದೆ."

"ಬಂದಿದ್ರೆ ನನಗ್ಯಾಕಮ್ಮ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಇಷ್ಟು ದಪ್ಪ ಕಾಗದದ ಕಟ್ಟು ಹಿಡ್ಕೊಂಡು ಬಂದಿದ್ದ. ಒಂದೇ ಒಂದು ಮಾತು ಕೇಳ್ಬೇಕು ಅಮ್ಮ, ಅಂದ. ಬಾಣಂತಿ ಕಣ್ಣಿಗೆ ಶ್ರಮ ಕೊಡ್ಬಾರ್ದಪ್ಪ, ಹೊರಗಿನೋರು ನೋಡೋ ಹಾಗಿಲ್ಲ, ಅಂತಂದು ಕಳಿಸ್ದೆ."

"ತಿರುಮಲೇಶನೂ ಬ್ಯಾಗ್ ತುಂಬ ಕಾಗದ ತಂದಿದ್ರು. ಅವರನ್ನ ನೀನೇ ಒಳಗೆ ಕರ್ದು ತೊಟ್ಟಿಲ ಪಕ್ಕಾನೇ ಕುರ್ಚಿ ಹಾಕ್ದೆ."

"ಅದು ಬೇರೆ."

"ಹೇಗೆ ಬೇರೆ?"

ಅಮ್ಮ ಒಂದು ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ನಾನೇನು ಬೈದ್ನಾ? ಮರ್ಯಾದೆಯಾಗೇ ಮಾತಾಡ್ಸ್ದೆ. ಯಾವೂರಪ್ಪಾ ಅಂದೆ, ಬಿಳೇಕಹಳ್ಳಿ ಅಂದ. ಯಾರ ಮಗ ಅಂದೆ, ಪಿಳ್ಳಪ್ಪನ ಮಗ ಅಂದ. ಯಾವ ಬೀದಿ ಅಂದೆ. ಅದನ್ನೂ ಹೇಳ್ದ, ಮುಚ್ಚಿಡ್ಲಿಲ್ಲ. ಬಿಸಿಲಲ್ಲಿ ಬಂದಿದ್ದ, ನೀರು ಕೇಳ್ದ, ಕೊಟ್ಟೆ."

"ಯಾವುದರಲ್ಲಿ ಕೊಟ್ಟೆ?"

"ಯಾವುದರಲ್ಲಿ ಅಂದ್ರೆ? ಚೊಂಬಲ್ಲಿ ತಂದು ಕೈಗೆ ಹುಯ್ದೆ."

ನಾನು ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿದೆ. ಅಮ್ಮ ತಾನಾಗಿಯೇ ಮುಂದುವರಿಸಿದಳು. "ಕಾಗದದ ಕಟ್ಟನ್ನ ಕಾಂಪೌಂಡ್ ಗೋಡೆ ಮೇಲಿಟ್ಟು ನೀರು ಕುಡಿದು, ಮರ್ತು ಹೊರಟ್ಹೋದ. ನೆನಪಾಗಿ ವಾಪಸ್ ಬಂದ. ಅಷ್ಟೊತ್ತಿಗೆ ನಾನು ಗೇಟಿಗೆ ಎರಡು ಚೊಂಬು ನೀರು ಹಾಕ್ತಿದ್ದೆ. ಪಾಪ, ಏನೂ ಅನ್ಲಿಲ್ಲ. ಕಟ್ಟು ತಗೊಂಡು ಹೋದ. ಒಳ್ಳೇ ಹುಡುಗ ಕಣೇ."

"ಗೇಟಿಗೆ ಯಾಕಮ್ಮ ನೀರು ಹಾಕ್ದೆ?"

"ಎಳೇ ಮಗು ಇರೋ ಮನೆ. ನಾನು ಮಡಿಯಲ್ಲಿದ್ದೆ. ಅಷ್ಟೂ ಗೊತ್ತಾಗಲ್ವಾ ನಿನಗೆ?"

ಕೂಗಾಡಬೇಕಿತ್ತು. ಬೆಳಿಗ್ಗೆಯಷ್ಟೇ ಹಾಲ್ ಹಾರಿಹೋಗುವ ಹಾಗೆ ಕೂಗಾಡಿದ್ದ ಗಂಟಲು ಆಗ ಎಲ್ಲಿ ಹೋಯಿತೋ. ಬೆಳಿಗ್ಗೆ ನಾನು ಆಡಿದ ಒಂದೊಂದು ಮಾತೂ ನನಗೇ ಕೇಳಿಸತೊಡಗಿತು. ದಾರಿ ಗೊತ್ತಾಗ್ಲಿಲ್ವಾ ಅಂದಿದ್ದೆ. ಕೋಡುಬಳೆ ಅಂದಿದ್ದೆ. ಥೂ! ಬೊಗಸೆಯೊಡ್ಡಿ ನೀರು ಕುಡಿದು ಹೋದವರಿಗೆ ಎಲ್ಲರೆದುರು ಕೋಡುಬಳೆಯ ಲೆಕ್ಕ ಹೇಳಿದ್ದೆ. ಅವರು ಒಂದೇ ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು. ಬಂದಿದ್ದೆ ಮೇಡಂ, ನಿಮ್ಮಮ್ಮ ಗೇಟ್ ತೊಳೆದರು, ಅನ್ನಬಹುದಿತ್ತು. ಅನ್ನಲಿಲ್ಲ.

ಅಮ್ಮನನ್ನು ಬೈದರೆ ನನ್ನ ಪಾಲು ಕಳೆಯುವುದೂ ಇಲ್ಲ. ಮನೆಗೆ ಬನ್ನಿ ಅಂತ ದೊಡ್ಡದಾಗಿ ಕರೆದವಳು ನಾನು. ಯಾವ ಮನೆಗೆ ಕರೆಯುತ್ತಿದ್ದೇನೆ, ಅಲ್ಲಿ ಗೇಟು ತೆಗೆಯುವವರು ಯಾರು ಅಂತ ಒಂದು ಕ್ಷಣವಾದರೂ ಯೋಚಿಸಿದ್ದೆನೇ? ಇಪ್ಪತ್ತು ವರ್ಷ ಅಮ್ಮನ ಮಡಿಯನ್ನು ನೋಡಿಕೊಂಡೇ ಬೆಳೆದವಳು. ನನಗೆ ಅದು ಯೋಚನೆ ಮಾಡಬೇಕಾದ ವಿಷಯವೇ ಆಗಿರಲಿಲ್ಲ.

"ಅವರು ಕೇಳೋಕೆ ಬಂದಿದ್ದ ಆ ಒಂದು ಮಾತಿಗೆ ಉತ್ತರ ಸಿಕ್ಕಿದ್ರೆ ಏನೂ ಆಗ್ತಿರ್ಲಿಲ್ಲಮ್ಮ," ಅಂದೆ ಕೊನೆಗೆ. "ಒಂದು ಟ್ಯಾಂಕ್ ಹಾಲು ಚರಂಡಿಗೆ ಹೋಯ್ತು."

"ಹಾಲಾ?" ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಚರಂಡಿಗಾ? ರಾಮ ರಾಮ! ಎಷ್ಟು ಮಕ್ಕಳು ಕುಡೀಬಹುದಿತ್ತು." ನಿಜವಾಗಿಯೂ ಕಣ್ಣಲ್ಲಿ ನೀರು ತಂದುಕೊಂಡಳು. ಹಾಲಿಗೆ ಅಳುತ್ತಿದ್ದಳು. ಹುಡುಗನ ವಿಷಯಕ್ಕೆ ಅಳುವುದು ಅವಳಿಗೆ ಹೊಳೆದೇ ಇರಲಿಲ್ಲ. ನಾನು ಮಗುವನ್ನು ಎತ್ತಿಕೊಂಡು, ಆ ಗೇಟನ್ನು ತೆಗೆದು, ಹಾಕದೆ ಹಾಗೇ ಬಿಟ್ಟು ಹೊರಟುಬಂದೆ.

ಭಾನುವಾರವೆಲ್ಲ ಒದ್ದಾಡಿದೆ. ಬಿಳೇಕಹಳ್ಳಿಗೆ ಹೋಗಿ ಕಾಲಿಗೆ ಬಿದ್ದುಬಿಡಲೇ ಅನ್ನಿಸಿತು. ನಾಲ್ಕು ವರ್ಷ ಎದುರು ಮೇಜಿನಲ್ಲಿ ಕೂತವರ ಮನೆ ಬಿಳೇಕಹಳ್ಳಿಯಲ್ಲಿ ಎಲ್ಲಿ ಅಂತ ನನಗೆ ಗೊತ್ತಿರಲಿಲ್ಲ. ಒಂದು ದಿನವೂ ಕೇಳಿರಲಿಲ್ಲ. ನನ್ನ ಮನೆಯ ವಿಳಾಸ ಮಾತ್ರ ಧಾರಾಳವಾಗಿ ಕೊಟ್ಟಿದ್ದೆ.

ಸಂಜೆಯ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದೆ. ಎಲ್ಲರೆದುರಿಗೆ ಬೈದವಳು ಎಲ್ಲರೆದುರಿಗೇ ನಿಜ ಹೇಳಬೇಕು. ಅಮ್ಮನ ಮಾನ ಹೋಗುತ್ತದೆ, ಹೋಗಲಿ. ನನ್ನ ಮಾನವೂ ಹೋಗುತ್ತದೆ, ಹೋಗಲಿ. ಸಂಜೀವಯ್ಯನವರ ಜಾಗ ಉಳಿಯುತ್ತದಲ್ಲ. ಹೀಗೆ ಅಂದುಕೊಂಡ ಮೇಲೆ ಸ್ವಲ್ಪ ಹಗುರವೆನಿಸಿತು. ನಾನು ಕೆಟ್ಟವಳೇನಲ್ಲ ಅಂತಲೂ ಅನ್ನಿಸಿತು. ಗಂಡನಿಗೆ ಹೇಳಿದಾಗ ಅವರು, "ಮೊದಲು ಆತನ್ನ ಒಂದು ಮಾತು ಕೇಳು," ಅಂದರು. "ಕೇಳೋದೇನಿದೆ ಅದರಲ್ಲಿ, ನ್ಯಾಯ ನ್ಯಾಯಾನೇ," ಅಂತ ಅವರ ಬಾಯಿ ಮುಚ್ಚಿಸಿದೆ.

ಸೋಮವಾರ ಬೆಳಿಗ್ಗೆ ಸೋಮಲಿಂಗಪ್ಪನವರು ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿದ್ದರು. ಸಂಜೀವಯ್ಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಅದೇ ಕಾಗದದ ಕಟ್ಟು. ಯಜಮಾನರು ಡೈರಿಯ ವಿಷಯ ಎತ್ತಿ, ಸಂಜೀವಯ್ಯ ಟೆಸ್ಟಿಂಗ್ ಬೆಂಚಿಗೆ ಅನ್ನುತ್ತಿದ್ದ ಹಾಗೆಯೇ ನಾನು ಎದ್ದು ನಿಂತೆ.

"ಸಾರ್, ಶನಿವಾರ ನಾನು ಆಡಿದ್ದು ತಪ್ಪು. ಸಂಜೀವಯ್ಯ ಕೇಳೋಕೆ ಬಂದಿದ್ರು. ನಮ್ಮನೆ ಗೇಟಿನ ತನಕ ಬಂದಿದ್ರು."

"ಮೇಡಂ," ಅಂದರು ಸಂಜೀವಯ್ಯ. ಮೆಲ್ಲಗೆ ಅಂದರು. "ಬೇಡಿ ಮೇಡಂ."

"ಇಲ್ಲ ಸಂಜೀವಯ್ಯ, ನಾನು ಹೇಳ್ಲೇಬೇಕು."

ಹೇಳಿದೆ. ಒಂದನ್ನೂ ಬಿಡಲಿಲ್ಲ. ಅಮ್ಮ ಊರು ಕೇಳಿದ್ದು, ಅಪ್ಪನ ಹೆಸರು ಕೇಳಿದ್ದು, ಬೀದಿ ಕೇಳಿದ್ದು. ಕೈಗೆ ನೀರು ಹುಯ್ದದ್ದು. ಅವರು ತಿರುಗಿ ಬಂದಾಗ ಗೇಟು ತೊಳೆಯುತ್ತಿದ್ದದ್ದು. ಹೇಳುತ್ತ ಹೇಳುತ್ತ ಅಳು ಬಂತು, ಅಳುತ್ತಲೇ ಹೇಳಿದೆ. ಸಾಲ್ಡರಿಂಗ್ ಹೆಣ್ಣುಮಕ್ಕಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಕೇಳಿಸಿಕೊಂಡರು. ಮುಗಿಸಿ ನೋಡಿದರೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ಸಂಜೀವಯ್ಯನವರನ್ನು ನೋಡುತ್ತಿದ್ದರು. ಅವರು ತೊಡೆಯ ಮೇಲಿದ್ದ ಎರಡು ಕೈಗಳನ್ನೂ ಕಾಗದದ ಕಟ್ಟಿನ ಅಡಿಗೆ ಸೇರಿಸಿಕೊಂಡಿದ್ದರು.

"ಛೆ ಛೆ ಛೆ," ಅಂದರು ಸೋಮಲಿಂಗಪ್ಪ. "ಈ ಕಾಲದಲ್ಲೂ ಹೀಗಾ? ಆಯ್ತು, ಇನ್ನು ಮಾತೇ ಬೇಡ. ಸಂಜೀವಯ್ಯನ ತಪ್ಪೇನೂ ಇಲ್ಲ ಇದರಲ್ಲಿ. ಪ್ರಾಜೆಕ್ಟು ಅವನ ಕೈಲೇ ಇರ್ಲಿ."

ಅವತ್ತಿನ ತನಕ ಯಜಮಾನರು ಅವರನ್ನು ನೀವು ಅನ್ನುತ್ತಿದ್ದರು. ಆ ಒಂದು ಮಾತಿನಲ್ಲಿ ಅವನು ಆಗಿಹೋದದ್ದು ಅವರಿಗೇ ತಿಳಿಯಲಿಲ್ಲ. ಕರುಣೆಯಿಂದಲೇ ಅಂದದ್ದು.

ಸಂಜೀವಯ್ಯ ಎದ್ದು ನಿಂತರು. "ಸಾರ್, ತಪ್ಪು ನಂದೇ. ಅನುಮಾನ ಇತ್ತು, ಉತ್ತರ ಸಿಗ್ಲಿಲ್ಲ. ಕಾಗದ ತೆಗ್ದು, ಹಾಕಿ, ಟೆಸ್ಟ್ ಮಾಡಿ ನೋಡಿದ್ರೆ ನನಗೇ ಗೊತ್ತಾಗಿರೋದು. ನೋಡ್ಲಿಲ್ಲ. ಅದಕ್ಕೇನು ಮಾಡ್ಬೇಕು ಅಂತಿದ್ರೋ ಅದನ್ನೇ ಮಾಡಿ. ಯಾರೋ ನೀರು ಹುಯ್ದ್ರು ಅನ್ನೋ ಕಾರಣಕ್ಕೆ ನನಗೆ ಪ್ರಾಜೆಕ್ಟು ಬೇಡ ಸಾರ್. ನಾಳೆಯಿಂದ ಟೆಸ್ಟಿಂಗ್‌ಗೆ ಹೋಗ್ತೀನಿ."

"ಹಾಗಲ್ಲಪ್ಪ," ಅಂತ ಸೋಮಲಿಂಗಪ್ಪ ಶುರುಮಾಡಿದರು. ಸಂಜೀವಯ್ಯ ಕೈಮುಗಿದು ಕೂತುಬಿಟ್ಟರು.

ಅಷ್ಟು ಹೊತ್ತಿಗೆ ಕಾಫಿ ಬಂತು. ನಮ್ಮಲ್ಲಿ ಕಾಫಿಯ ತಟ್ಟೆಯನ್ನು ನಡುವಿನ ಮೇಜಿನ ಮೇಲಿಡುತ್ತಿದ್ದರು, ಅವರವರು ಎದ್ದು ಹೋಗಿ ಒಂದೊಂದು ಲೋಟ ತೆಗೆದುಕೊಳ್ಳುವುದು ಪದ್ಧತಿ. ಅವತ್ತು ಸಂಜೀವಯ್ಯ ಏಳುವ ಮೊದಲೇ ತಿರುಮಲೇಶ ಎದ್ದ. ಒಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವರ ಹತ್ತಿರ ಹೋದ. "ತಗೊಳ್ಳಿ ಸಂಜೀವಯ್ಯ. ನಮ್ಮ ಆಫೀಸಲ್ಲಿ ಅದೆಲ್ಲ ಇಲ್ಲ," ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಎಲ್ಲರೂ ಅವರು ಆ ಲೋಟ ತೆಗೆದುಕೊಳ್ಳುವುದನ್ನೇ ನೋಡಿದರು. ಅವರು ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ, ಕಿಟಕಿಯ ಕಟ್ಟೆಯ ಮೇಲಿಟ್ಟರು. ಅದು ಅಲ್ಲೇ ಆರಿ ಕೆನೆಗಟ್ಟಿತು.

ಮಧ್ಯಾಹ್ನ ಅವರು ದೇವರಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಾಗ ನಾನು ಹೋದೆ. ಬಾಗಿಲಲ್ಲೇ ನಿಂತೆ, ಒಳಗೆ ಹೋಗಲು ಧೈರ್ಯ ಸಾಲಲಿಲ್ಲ.

"ಸಂಜೀವಯ್ಯ, ನಾನು ನಿಮಗೋಸ್ಕರ..."

"ನನಗೋಸ್ಕರಾನಾ ಮೇಡಂ?" ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ ಅವರು. "ಅವತ್ತು ಪದ್ಮನಾಭನಗರದಲ್ಲಿ ಬಸ್ ಹತ್ತೋ ಹೊತ್ತಿಗೇ ಅದನ್ನ ಅಲ್ಲೇ ಬಿಟ್ಟು ಬಂದಿದ್ದೆ. ಬಿಟ್ಟು ಬರೋದು ನಮಗೆ ಅಭ್ಯಾಸ ಇದೆ. ಇಲ್ಲಿ ನಾನು ಸಂಜೀವಯ್ಯ ಅಷ್ಟೇ ಆಗಿದ್ದೆ. ಶನಿವಾರ ನೀವು ಬೈದಾಗ್ಲೂ ಹಾಗೇ ಇದ್ದೆ. ತಪ್ಪು ಮಾಡಿದ ಇಂಜಿನಿಯರನ್ನ ಬೈದ್ರಿ, ಬೈಸ್ಕೊಂಡೆ. ಈಗ ನೋಡಿ, ಬೆಳಿಗ್ಗೆಯಿಂದ ಎಲ್ಲರೂ ನನ್ನ ಕೈ ನೋಡ್ತಿದಾರೆ."

"ನನಗೆ ಗೊತ್ತಾಗ್ಲಿಲ್ಲ."

"ಹೇಳೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳ್ಬಹುದಾಗಿತ್ತಲ್ಲ ಮೇಡಂ. ಎದುರುಗಡೆ ಮೇಜಲ್ಲೇ ಇದ್ದೆ. ಬಸ್ ಕೂಡ ಹತ್ಬೇಕಾಗಿರ್ಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಬೇಡಿ ಮೇಡಂ ಅಂದಿದ್ದರು ಅವರು. ನಾಲ್ಕು ವರ್ಷದಲ್ಲಿ ನನ್ನನ್ನು ಅವರು ಬೇಡಿಕೊಂಡದ್ದು ಅದೊಂದೇ. ಅದನ್ನೂ ದಾಟಿಕೊಂಡು ನನ್ನ ಅಳು ಅತ್ತು ಹಗುರಾಗಿದ್ದೆ. ಅಮ್ಮ ಅವರನ್ನು ಗೇಟಿನ ಹತ್ತಿರ ಕೆಳಗಿಳಿಸಿದ್ದಳು. ನಾನು ಅವರನ್ನು ಅವರದೇ ಕುರ್ಚಿಯಲ್ಲಿ ಕೂರಿಸಿ ಇಳಿಸಿದೆ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲುವುದೂ ಆಗಲಿಲ್ಲ, ಹೋಗುವುದೂ ಆಗಲಿಲ್ಲ.

"ಬನ್ನಿ ಮೇಡಂ, ಕೂತ್ಕೊಳ್ಳಿ," ಅಂದರು ಅವರು. ಪಕ್ಕದ ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು. "ಟೆಸ್ಟಿಂಗ್‌ಗೆ ಹೋಗೋಕೆ ಮುಂಚೆ ಇದನ್ನ ಸರಿಮಾಡಿ ಕೊಟ್ಟು ಹೋಗ್ತೀನಿ. ಅವತ್ತು ನಾನು ಕೇಳೋಕೆ ಬಂದಿದ್ದು ಇಷ್ಟೇ. ಒಳಗೆ ಮಲಗಿದ್ದ ಟಾಸ್ಕ್ ಎದ್ದು ಈ ದಾರೀಲಿ ಆಚೆ ಹೋಗತ್ತಲ್ಲ, ಅದರ ಹಳೇ ನಂಬರನ್ನ ಯಾರು ವಾಪಸ್ ಕೊಡ್ತಾರೆ?"

ನಾನು ಕೂತೆ. ಅವರು ಕಾಯುತ್ತಿದ್ದರು.

"ಯಾರೂ ಕೊಡಲ್ಲ ಸಂಜೀವಯ್ಯ," ಅಂದೆ. "ಅದು ತಾನಾಗೇ ಆಗಲ್ಲ. ನಾವೇ ಬರೀಬೇಕು. ಹಾಗಂತ ನಿಮಗೆ ನಾನು ಬರ್ದಿಟ್ಟಿರ್ಲಿಲ್ಲ."

ಅವರು ತಲೆಯಾಡಿಸಿ, ಬರುವಾಗಿನ ನಂಬರನ್ನು ನಾನು ಎಲ್ಲಿ ಎತ್ತಿಡುತ್ತಿದ್ದೆ ಅಂತ ಕೇಳಿದರು. ಹೇಳಿದೆ. ಒಂದು ಸಾಲು ಟೈಪ್ ಮಾಡಿದರು. ಪ್ರಿಂಟರಿನ ಕಾಗದ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರು. ಪ್ರಿಂಟ್ ಟಾಸ್ಕ್ ಎದ್ದು, ತನ್ನ ಹಳೆಯ ನಂಬರಿನಲ್ಲೇ ಹೊರಗೆ ಬಂದು, ಶಾಖ ನೋಡುವವನ ಹಿಂದೆ ಹೋಗಿ ನಿಂತಿತು. ಇಬ್ಬರೂ ಅದನ್ನು ನೋಡಿದೆವು.

ಮರುದಿನ ಸಂಜೀವಯ್ಯ ಟೆಸ್ಟಿಂಗ್ ಬೆಂಚಿಗೆ ಹೋದರು. ಕಾಫಿ ಬಂದಾಗ ನಾನು ಎದ್ದು ಹೋಗಿ ನನ್ನ ಲೋಟ ತೆಗೆದುಕೊಂಡು, ಅವರು ಬಂದು ತಮ್ಮದು ತೆಗೆದುಕೊಳ್ಳಲಿ ಅಂತ ತಟ್ಟೆಯ ಕಡೆಗೂ ನೋಡದೆ ಕೂತೆ. ಅವರು ಬರಲಿಲ್ಲ. ಆ ದಿನದಿಂದ ಅವರು ಆಫೀಸಿನಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟರು.